ಓದುಗರ ಪ್ರಶ್ನೆ: ಬಜೆಟ್ ಓದುವುದನ್ನು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಎಂ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿನಿ. ಅಭಿವೃದ್ಧಿಶೀಲ ದೇಶವೊಂದರ ಬಜೆಟ್ಟನ್ನು ಮೌಲ್ಯಮಾಪನ ಮಾಡಿ ಪ್ರಬಂಧ ಬರೆಯಬೇಕು. ಶ್ರೀಲಂಕಾವನ್ನು ಆರಿಸಿಕೊಂಡಿದ್ದೇನೆ. ಬಜೆಟ್ ಭಾಷಣವನ್ನು ಎರಡೆರಡು ಸಲ ಓದಿದರೂ ಎಲ್ಲಿಂದ ಹಿಡಿಯಬೇಕೆಂದು ತಿಳಿಯುತ್ತಿಲ್ಲ.

ಉತ್ತರ: ಭಾಷಣವನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಕೊನೆಗೆ ಓದಿದರೆ ಸಾಕು. ಮೊದಲು ಅಲ್ಲಿನ ಹಣಕಾಸು ಸಚಿವಾಲಯದ ಮತ್ತು ಕೇಂದ್ರ ಬ್ಯಾಂಕಿನ ವಾರ್ಷಿಕ ವರದಿಗಳನ್ನು ತೆರೆಯಿರಿ. ಐದಾರು ವರ್ಷಗಳ ಲೆಕ್ಕವನ್ನು ಒಂದೇ ಹಾಳೆಗೆ ಇಳಿಸಿಕೊಳ್ಳಿ: ರಾಜಸ್ವ (ತೆರಿಗೆ ಮುಂತಾದವುಗಳಿಂದ ಸರ್ಕಾರಕ್ಕೆ ಬರುವ ವರಮಾನ), ಬಡ್ಡಿ, ಸಂಬಳ ಮತ್ತು ಪಿಂಚಣಿ, ಬಂಡವಾಳ ವೆಚ್ಚ (ರಸ್ತೆ, ಕಟ್ಟಡದಂಥ ಆಸ್ತಿಗೆ ಮಾಡುವ ಖರ್ಚು). ಪ್ರತಿ ವರ್ಷಕ್ಕೂ ಬಜೆಟ್ ಅಂದಾಜು ಒಂದು ಕಡೆ, ವಾಸ್ತವಿಕ ಲೆಕ್ಕ ಇನ್ನೊಂದು ಕಡೆ ಇರಲಿ. ಹೆಚ್ಚಿನವರು ಈ ವರ್ಷದ ಅಂದಾಜನ್ನು ಕಳೆದ ವರ್ಷದ ಅಂದಾಜಿನ ಜೊತೆ ಹೋಲಿಸಿ ಮುಗಿಸುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ, ಎರಡೂ ಆಗದಿರುವ ಲೆಕ್ಕಗಳು.

ರಾಜಸ್ವದಿಂದಲೇ ಶುರು ಮಾಡಿ, ಶ್ರೀಲಂಕಾದ ರೋಗದ ಮೂಲ ಅಲ್ಲೇ ಇದೆ. 2019ರ ಡಿಸೆಂಬರ್‌ನಲ್ಲಿ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ದರವನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿದರು. ಅದಕ್ಕಿಂತ ದೊಡ್ಡ ಪೆಟ್ಟು ಸುದ್ದಿಯಲ್ಲಿ ಅಷ್ಟಾಗಿ ಬರಲಿಲ್ಲ: ವ್ಯಾಟ್‌ಗೆ ನೋಂದಾಯಿಸಿಕೊಳ್ಳಬೇಕಾದ ವಹಿವಾಟಿನ ಮಿತಿಯನ್ನು ವರ್ಷಕ್ಕೆ 1.2 ಕೋಟಿ ರೂಪಾಯಿಯಿಂದ 30 ಕೋಟಿಗೆ ಏರಿಸಿದರು. ದರ ಇಳಿಸಿದರೆ ಮತ್ತೆ ಏರಿಸಬಹುದು. ಪಟ್ಟಿಯಿಂದ ಹೊರಗೆ ಹೋದ ವ್ಯಾಪಾರಿಗಳನ್ನು ಮತ್ತೆ ಒಳಗೆ ಕರೆತರಲು ವರ್ಷಗಳೇ ಬೇಕು. ಕೇಂದ್ರ ಸರ್ಕಾರದ ರಾಜಸ್ವ 2019ರಲ್ಲಿ ಸುಮಾರು 1.89 ಲಕ್ಷ ಕೋಟಿ ಶ್ರೀಲಂಕಾ ರೂಪಾಯಿ ಇದ್ದದ್ದು 2020ರಲ್ಲಿ 1.37 ಲಕ್ಷ ಕೋಟಿಗೆ ಕುಸಿಯಿತು.

‘ಅದು ಕೋವಿಡ್ ವರ್ಷವಲ್ಲವೇ?’ ಎಂದು ನಿಮ್ಮ ಮಾರ್ಗದರ್ಶಕರು ಖಂಡಿತ ಕೇಳುತ್ತಾರೆ. ರಾಜಸ್ವವನ್ನು ಜಿಡಿಪಿಯ ಪಾಲಾಗಿ ನೋಡಿ. ಆರ್ಥಿಕತೆ ಮಾತ್ರ ಕುಗ್ಗಿದ್ದರೆ ರಾಜಸ್ವವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕುಗ್ಗಿ, ಪಾಲು ಅಷ್ಟೇನೂ ಬದಲಾಗುತ್ತಿರಲಿಲ್ಲ. ಅಲ್ಲಿ ಪಾಲೇ ಸುಮಾರು ಶೇ 12ರಿಂದ ಶೇ 9ರ ಆಸುಪಾಸಿಗೆ ಬಿತ್ತು. ಹಾಗೆಂದು ಪೂರ್ತಿ ಹೊಣೆಯನ್ನು ತೆರಿಗೆ ಕಡಿತದ ತಲೆಗೆ ಕಟ್ಟಬೇಡಿ. 2020ರಲ್ಲಿ ವಾಹನ ಆಮದನ್ನು ನಿಲ್ಲಿಸಿದ್ದರಿಂದ ಗಡಿಯಲ್ಲಿ ಸಿಗುತ್ತಿದ್ದ ಸುಂಕವೂ ಹೋಯಿತು.

ಆಮೇಲೆ ಬಡ್ಡಿಯನ್ನು ರಾಜಸ್ವದಿಂದ ಭಾಗಿಸಿ. ನನ್ನ ಮಟ್ಟಿಗೆ ಬಡ ದೇಶದ ಬಜೆಟ್ಟಿನಲ್ಲಿ ಇದಕ್ಕಿಂತ ಮುಖ್ಯವಾದ ಸಂಖ್ಯೆ ಇನ್ನೊಂದಿಲ್ಲ. ಶ್ರೀಲಂಕಾದಲ್ಲಿ 2021ರಲ್ಲಿ ಬಂದ ಪ್ರತಿ 100 ರೂಪಾಯಿಯಲ್ಲಿ 70ಕ್ಕೂ ಹೆಚ್ಚು ಬಡ್ಡಿಗೇ ಹೋಯಿತು. ಉಳಿದದ್ದು ಸಂಬಳಕ್ಕೂ ಸಾಲದು. ಹಾಗಿದ್ದ ಮೇಲೆ ಶಾಲೆ, ರಸ್ತೆ, ಔಷಧಿ ಎಲ್ಲವೂ ಸಾಲದ ಹಣದಲ್ಲೇ ನಡೆಯಬೇಕು. ಈ ಒಂದು ಲೆಕ್ಕ ಕೈಯಲ್ಲಿದ್ದರೆ ಭಾಷಣದಲ್ಲಿ ಯಾವ ಭರವಸೆಗೆ ಹಣವಿದೆ, ಯಾವುದಕ್ಕಿಲ್ಲ ಎಂದು ನೀವೇ ಗುರುತು ಹಾಕಬಹುದು.

ಪ್ರಶ್ನೆ: ಜಪಾನಿನ ಸಾಲ ಜಿಡಿಪಿಯ ಎರಡು ಪಟ್ಟಿಗೂ ಹೆಚ್ಚು. ಅದರ ಅರ್ಧದಷ್ಟು ಸಾಲಕ್ಕೇ ಶ್ರೀಲಂಕಾ, ಘಾನಾ ದಿವಾಳಿಯಾದದ್ದು ಹೇಗೆ?

ಉತ್ತರ: ಸಾಲ ಯಾವ ನಾಣ್ಯದಲ್ಲಿದೆ, ಯಾರಿಂದ ಬಂದಿದೆ, ಯಾವಾಗ ತೀರಿಸಬೇಕು ಎಂಬುದು ಸಾಲದ ಮೊತ್ತದಷ್ಟೇ ಮುಖ್ಯ. ಜಪಾನ್ ಸರ್ಕಾರ ಸಾಲ ಮಾಡಿರುವುದು ಯೆನ್‌ನಲ್ಲಿ, ಬಹುಪಾಲು ತನ್ನದೇ ಜನರಿಂದ ಮತ್ತು ಸಂಸ್ಥೆಗಳಿಂದ. ದಶಕಗಳ ಕಾಲ ಬಡ್ಡಿಯೂ ಬಹಳ ಕಡಿಮೆ ಇತ್ತು. ಡಾಲರ್ ಸಾಲದ ಕಥೆ ಬೇರೆ. 2022ರ ಮಾರ್ಚ್ ಆರಂಭದಲ್ಲಿ ಡಾಲರಿಗೆ ಸುಮಾರು 200 ಶ್ರೀಲಂಕಾ ರೂಪಾಯಿ ಇತ್ತು, ಮೇ ಹೊತ್ತಿಗೆ 360ರ ಆಸುಪಾಸು. ಹತ್ತು ಕೋಟಿ ಡಾಲರ್ ಬಡ್ಡಿ ಕಟ್ಟಬೇಕಾದರೆ ಮೊದಲು 2,000 ಕೋಟಿ ರೂಪಾಯಿ ಸಾಕಿತ್ತು, ಎರಡೇ ತಿಂಗಳಲ್ಲಿ ಅದು 3,600 ಕೋಟಿ ಆಯಿತು. ಒಂದು ಡಾಲರ್ ಕೂಡ ಹೊಸ ಸಾಲ ಮಾಡದೆ!

ರೂಪಾಯಿ ಇದ್ದರೂ ಡಾಲರ್ ಇಲ್ಲದಿದ್ದರೆ ಕಂತು ಕಟ್ಟಲಾಗದು. ಹಾಗಾಗಿ ಬಜೆಟ್ಟಿನ ಜೊತೆಗೆ ವಿದೇಶಿ ವಿನಿಮಯ ಮೀಸಲನ್ನೂ ನೋಡಲೇಬೇಕು. ಮೀಸಲಿನ ಮೊತ್ತ ನೋಡುವಾಗಲೂ ಎಚ್ಚರ ಬೇಕು: 2022ರ ಮಾರ್ಚ್ ಕೊನೆಗೆ ಶ್ರೀಲಂಕಾ ತೋರಿಸಿದ್ದು ಸುಮಾರು 190 ಕೋಟಿ ಡಾಲರ್, ಅದರಲ್ಲಿ ಸುಮಾರು 150 ಕೋಟಿಯಷ್ಟು ಸುಲಭವಾಗಿ ಬಳಸಲಾಗದ ಚೀನಾದ ಜೊತೆಗಿನ ನಾಣ್ಯ ವಿನಿಮಯ ಒಪ್ಪಂದದ ಹಣ. ಏಪ್ರಿಲ್ 12ರಂದು ಆ ದೇಶ ವಿದೇಶಿ ಸಾಲದ ಪಾವತಿ ನಿಲ್ಲಿಸುವುದಾಗಿ ಘೋಷಿಸಿತು. ಘಾನಾ ಅದೇ ವರ್ಷದ ಡಿಸೆಂಬರ್‌ನಲ್ಲಿ ಅದೇ ದಾರಿ ಹಿಡಿಯಿತು.

ಪ್ರಶ್ನೆ: ‘ಆರೋಗ್ಯಕ್ಕೆ ಶೇ 10 ಹೆಚ್ಚು ಅನುದಾನ’ ಎಂದು ಸರ್ಕಾರಗಳು ಹೇಳುತ್ತವೆ. ಆದರೂ ಆಸ್ಪತ್ರೆಗಳಲ್ಲಿ ಔಷಧಿ ಇರುವುದಿಲ್ಲ. ಹಣ ಎಲ್ಲಿ ಹೋಗುತ್ತದೆ?

ಉತ್ತರ: ಎಷ್ಟೋ ಸಲ ಆ ಹಣ ಬಂದೇ ಇರುವುದಿಲ್ಲ. ಲೆಕ್ಕ ಹಾಕಿ ನೋಡಿ. 500 ಕೋಟಿ ಇದ್ದದ್ದು 550 ಕೋಟಿ ಆಯಿತು. ಹಣದುಬ್ಬರ ಶೇ 8, ಜನಸಂಖ್ಯೆಯ ಏರಿಕೆ ಶೇ 2 ಎಂದಿಟ್ಟುಕೊಳ್ಳಿ. 1.10ನ್ನು 1.08ರಿಂದ ಮತ್ತು 1.02ರಿಂದ ಭಾಗಿಸಿದರೆ ಸುಮಾರು 0.999. ಅಂದರೆ ತಲಾ ಲೆಕ್ಕದಲ್ಲಿ ಏರಿಕೆ ಸೊನ್ನೆ. ಔಷಧಿ ಆಮದಾಗುತ್ತಿದ್ದು ನಾಣ್ಯದ ಬೆಲೆಯೂ ಕುಸಿದಿದ್ದರೆ ನಿಜಕ್ಕೂ ಇಳಿಕೆಯೇ.

ಇದು ಮಂಜೂರಾದ ಹಣದ ಮಾತು. ಬಿಡುಗಡೆಯಾಗುವುದು ಇನ್ನೂ ಕಡಿಮೆ. ಅತಿ ಆಶಾವಾದದ ರಾಜಸ್ವ ಅಂದಾಜಿನ ಮೇಲೆ ಬಜೆಟ್ ಕಟ್ಟಿರುತ್ತಾರೆ. ಮೂರನೇ ತಿಂಗಳಿಗೇ ತೆರಿಗೆ ಅಷ್ಟು ಬಂದಿಲ್ಲ ಎಂದು ಗೊತ್ತಾಗುತ್ತದೆ. ಆಗ ಖಜಾನೆಯು ಬಂದ ಹಣವನ್ನು ತಿಂಗಳು ತಿಂಗಳು ಅಳೆದು ಹಂಚುತ್ತದೆ. ಬಡ್ಡಿ ನಿಲ್ಲಿಸುವಂತಿಲ್ಲ, ಸಂಬಳ ತಡೆದರೆ ಜನ ಬೀದಿಗಿಳಿಯುತ್ತಾರೆ. ಕತ್ತರಿ ಬೀಳುವುದು ಔಷಧಿ, ಇಂಧನ, ದುರಸ್ತಿ, ಅರ್ಧಕ್ಕೆ ನಿಂತ ಕಟ್ಟಡದ ಮೇಲೆ. ವೈದ್ಯರಿಗೆ ಸಂಬಳವಿದೆ, ಕೈಯಲ್ಲಿ ಸಿರಿಂಜ್ ಇಲ್ಲ. ಸರಬರಾಜುದಾರರ ಬಿಲ್ ಬಾಕಿ ಉಳಿಯುತ್ತದೆ. ಮರುವರ್ಷ ಅವರು ಆ ವಿಳಂಬದ ಬಡ್ಡಿಯನ್ನೂ ಸೇರಿಸಿಯೇ ಟೆಂಡರ್ ಹಾಕುತ್ತಾರೆ, ಅದೇ ಔಷಧಿಗೆ ಹೆಚ್ಚು ಬೆಲೆ ತೆರಬೇಕಾಗುತ್ತದೆ.

ಇದನ್ನು ಅಳೆಯಲು ಪೆಫಾ ಎಂಬ ಅಂತರರಾಷ್ಟ್ರೀಯ ಪದ್ಧತಿ ಇದೆ. ಮೂರು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷ ಒಟ್ಟು ವೆಚ್ಚವು ಮಂಜೂರಾದದ್ದರ ಶೇ 95ರಿಂದ 105ರೊಳಗೆ ಇದ್ದರೆ ‘ಎ’ ಶ್ರೇಣಿ. ಶೇ 85ರಿಂದ 115ರ ವ್ಯಾಪ್ತಿಯಲ್ಲೂ ನಿಲ್ಲದಿದ್ದರೆ ‘ಡಿ’. ಒಟ್ಟು ಮೊತ್ತ ಸರಿಯಿದ್ದು ಒಳಗೆ ಇಲಾಖೆಗಳ ನಡುವೆ ಅದಲುಬದಲು ಆಗಿರುವುದೂ ಉಂಟು, ಅದನ್ನು ಪ್ರತ್ಯೇಕವಾಗಿ ನೋಡಿ. ಕೊನೆಯ ತಿಂಗಳಲ್ಲಿ ಎಷ್ಟು ಖರ್ಚಾಗಿದೆ ಎಂಬುದನ್ನೂ ಬಿಡಬೇಡಿ. ವರ್ಷದ ಬಂಡವಾಳ ವೆಚ್ಚದ ಮೂರನೇ ಒಂದು ಪಾಲು ಆಗಲೇ ನಡೆದಿದ್ದರೆ ಕೆಲಸದ ಗುಣಮಟ್ಟದ ಬಗ್ಗೆ ಅನುಮಾನಪಡಲು ಕಾರಣವಿದೆ.

ಪ್ರಶ್ನೆ: ವಿತ್ತೀಯ ಕೊರತೆ (ವರಮಾನವನ್ನು ಮೀರಿದ ಖರ್ಚು) ಜಿಡಿಪಿಯ ಶೇ 3 ದಾಟಬಾರದು ಎನ್ನುವುದು ಎಲ್ಲ ದೇಶಗಳಿಗೂ ಸರಿಯೇ?

ಉತ್ತರ: ಇಲ್ಲ. ಈ ಮಿತಿ ಪ್ರಸಿದ್ಧವಾದದ್ದು ಯುರೋಪಿನ ಮಾಸ್ಟ್ರಿಕ್ಟ್ ಒಪ್ಪಂದದಿಂದ. ಸಾಲ ಜಿಡಿಪಿಯ ಶೇ 60 ಇದ್ದು, ಹಣದುಬ್ಬರವೂ ಸೇರಿ ಜಿಡಿಪಿ ವರ್ಷಕ್ಕೆ ಶೇ 5 ಬೆಳೆದರೆ, ಸುಮಾರು ಶೇ 3ರ ಕೊರತೆಯಲ್ಲಿ ಸಾಲದ ಪ್ರಮಾಣ ಹಾಗೇ ನಿಲ್ಲುತ್ತದೆ. ನಿಮ್ಮ ದೇಶದ ಸಾಲ ಶೇ 50, ಬೆಳವಣಿಗೆ ಶೇ 10 ಇದ್ದರೆ ಸುಮಾರು ಶೇ 4.5ರ ಕೊರತೆಯನ್ನೂ ತಾಳಿಕೊಳ್ಳಬಹುದು. ಬೆಳವಣಿಗೆ ನಿಂತರೆ ಶೇ 3 ಕೂಡ ಭಾರವೇ. ಬಡ್ಡಿಯನ್ನು ಬಿಟ್ಟು ಉಳಿಯುವ ಪ್ರಾಥಮಿಕ ಕೊರತೆಯನ್ನು ನೋಡಿ, ಈ ವರ್ಷದ ಸರ್ಕಾರ ತಾನೇ ಮಾಡಿದ ತಪ್ಪು-ಒಪ್ಪು ಅಲ್ಲಿ ಕಾಣುತ್ತದೆ.

ಪ್ರಶ್ನೆ: ರಾಜಸ್ವ ಸಾಲದಿದ್ದರೆ ತೆರಿಗೆ ಏರಿಸಬಹುದಲ್ಲ?

ಉತ್ತರ: ಕೀನ್ಯಾ 2024ರಲ್ಲಿ ಅದನ್ನೇ ಮಾಡಹೊರಟಿತು. ಬ್ರೆಡ್ ಮೇಲೆ ಶೇ 16 ವ್ಯಾಟ್ ಹಾಕುವ ಪ್ರಸ್ತಾವವೂ ಅದರಲ್ಲಿತ್ತು. ಅದನ್ನು ಕೈಬಿಟ್ಟ ಮೇಲೂ ಜನರ ಸಿಟ್ಟು ಇಳಿಯಲಿಲ್ಲ. ಜೂನ್ 25ರಂದು ಪ್ರತಿಭಟನಕಾರರು ಸಂಸತ್ತಿಗೇ ನುಗ್ಗಿದರು, ಪ್ರಾಣಹಾನಿಯಾಯಿತು, ಮರುದಿನ ಅಧ್ಯಕ್ಷರು ಮಸೂದೆಗೆ ಸಹಿ ಹಾಕುವುದಿಲ್ಲ ಎಂದರು. ಕೈತಪ್ಪಿದ ಹಣಕ್ಕೆ ಬದಲಾಗಿ ಸರಿಸುಮಾರು ಅರ್ಧ ಖರ್ಚು ಕಡಿತ, ಅರ್ಧ ಹೊಸ ಸಾಲ ಎಂದು ಪ್ರಕಟಿಸಿದರು.

ದರ ಏರಿಸುವ ಮೊದಲು ಈಗಿನ ದರದಲ್ಲಿ ಎಷ್ಟು ಸೋರುತ್ತಿದೆ ಎಂದು ಅಳೆಯಬೇಕು. ದೇಶದ ಒಟ್ಟು ಬಳಕೆ 100, ವ್ಯಾಟ್ ಶೇ 16 ಎಂದರೆ 16 ಬರಬೇಕು. ಬಂದದ್ದು 5 ಆದರೆ ಮೂರರಲ್ಲಿ ಎರಡು ಪಾಲು ವಿನಾಯಿತಿಯಲ್ಲೋ ತಪ್ಪಿಸಿಕೊಳ್ಳುವಿಕೆಯಲ್ಲೋ ಹೋಗಿದೆ. ವಿನಾಯಿತಿಗಳಿಂದ ಬಿಟ್ಟುಕೊಟ್ಟ ತೆರಿಗೆಯ ಪಟ್ಟಿಯನ್ನು ಸರ್ಕಾರ ಪ್ರಕಟಿಸಿದೆಯೇ ನೋಡಿ. ಅದನ್ನು ಮುಟ್ಟದೆ ಬಡವರ ಬ್ರೆಡ್ಡಿಗೆ ಕೈ ಹಾಕುವುದು ಅನ್ಯಾಯ.

ಪ್ರಶ್ನೆ: ಬಜೆಟ್ಟಿನಲ್ಲಿ ಕಾಣದ ಸಾಲಗಳನ್ನು ಪತ್ತೆ ಹಚ್ಚುವುದು ಹೇಗೆ?

ಉತ್ತರ: ಸರ್ಕಾರಿ ಕಂಪನಿಗಳ ಲೆಕ್ಕಪತ್ರ ತೆರೆಯಿರಿ, ಅದರಲ್ಲೂ ವಿದ್ಯುತ್ ಮತ್ತು ತೈಲ ಕಂಪನಿಗಳದ್ದು. ಶ್ರೀಲಂಕಾದ ಪೆಟ್ರೋಲಿಯಂ ನಿಗಮ ಮತ್ತು ವಿದ್ಯುತ್ ಮಂಡಳಿ ವರ್ಷಗಟ್ಟಲೆ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿದವು. ಆ ಸಹಾಯಧನ ಬಜೆಟ್ಟಿನಲ್ಲಿ ಪೂರ್ತಿಯಾಗಿ ಬರಲಿಲ್ಲ, ನಷ್ಟವು ಸರ್ಕಾರಿ ಬ್ಯಾಂಕುಗಳ ಸಾಲದ ಪುಸ್ತಕದಲ್ಲಿ ಕೂತಿತು. ಮೂರು ಸಂಖ್ಯೆ ಹುಡುಕಿ: ಸರ್ಕಾರ ಖಾತರಿ ಕೊಟ್ಟ ಸಾಲ, ಕಂಪನಿಗಳ ಒಟ್ಟು ನಷ್ಟ, ಗುತ್ತಿಗೆದಾರರಿಗೆ ಬಾಕಿ ಬಿಲ್. ಇವನ್ನು ಅಧಿಕೃತ ಸಾಲದ ಪಕ್ಕದಲ್ಲಿ ಬೇರೆ ಸಾಲಿನಲ್ಲಿ ಬರೆಯಿರಿ. ಒಟ್ಟಿಗೆ ಕೂಡಬೇಡಿ, ಖಾತರಿ ಸಾಲ ಮತ್ತು ಕಂಪನಿಯ ನಷ್ಟದಲ್ಲಿ ಒಂದೇ ಹಣ ಎರಡು ಸಲ ಎಣಿಕೆಯಾಗಬಹುದು. ಕಂಪನಿಯ ಲೆಕ್ಕಪರಿಶೋಧಿತ ವರದಿ ಎರಡು-ಮೂರು ವರ್ಷ ತಡವಾಗಿದ್ದರೆ, ‘ಮಾಹಿತಿ ಲಭ್ಯವಿಲ್ಲ’ ಎಂದು ಬಿಟ್ಟುಬಿಡದೆ, ಎಷ್ಟು ತಡವಾಗಿದೆ ಎಂಬುದನ್ನೇ ಪ್ರಬಂಧದ ಒಂದು ನಿರ್ಣಯವಾಗಿ ಬರೆಯಿರಿ.