ಓದುವ ಮಗನಿಗೆ ಗ್ಲೂಕೋಸ್ ನೀರು ಬೇಕೇ? ಏಕಾದಶಿಗೆ ಮಿದುಳು ಬಳಲುವುದೇ?

ಪ್ರಶ್ನೆ: ನನ್ನ ಮಗ ದ್ವಿತೀಯ ಪಿಯುಸಿ ಓದುತ್ತಿದ್ದು, ರಾತ್ರಿ ಹನ್ನೊಂದರವರೆಗೂ ಲೆಕ್ಕ ಬಿಡಿಸುತ್ತಾನೆ. ಮಿದುಳಿಗೆ ಸಕ್ಕರೆಯೇ ಆಹಾರವೆಂದು ಕೇಳಿದ್ದರಿಂದ ಗಂಟೆಗೊಮ್ಮೆ ಗ್ಲೂಕೋಸ್ ಪುಡಿ ಕದಡಿದ ನೀರು ಕೊಡುತ್ತಿದ್ದೇನೆ. ಇದು ಸರಿಯೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನೀವು ಕೇಳಿದ ಮಾತು ಅರ್ಧ ಮಾತ್ರ ನಿಜ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿ ದೇಹ ವ್ಯಯಿಸುವ ಶಕ್ತಿಯ ಸುಮಾರು ಶೇ 20ರಷ್ಟನ್ನು ಬಳಸುತ್ತದೆ. ವಯಸ್ಕರಲ್ಲಿ ಇದಕ್ಕೆ ದಿನಕ್ಕೆ 100ರಿಂದ 120 ಗ್ರಾಂ ಗ್ಲೂಕೋಸ್ ಬೇಕಾಗುತ್ತದೆ. ಆದರೆ ಈ ಖರ್ಚು ಲೆಕ್ಕ ಬಿಡಿಸುವಾಗ ಏರಿ, ಸುಮ್ಮನೆ ಕುಳಿತಾಗ ಇಳಿಯುವಂಥದ್ದಲ್ಲ. ನರಕೋಶಗಳು ತಮ್ಮ ಪೊರೆಯ ಒಳಹೊರಗಿನ ಸೋಡಿಯಂ, ಪೊಟ್ಯಾಸಿಯಂಗಳ ಅಂತರವನ್ನು ಕಾಯ್ದುಕೊಳ್ಳಲು ಮತ್ತು ಪರಸ್ಪರ ಸಂದೇಶ ಕಳಿಸಲು ಹಗಲಿರುಳೂ ದುಡಿಯುತ್ತಿರುತ್ತವೆ. ಖರ್ಚಿನ ಬಹುಪಾಲು ಅಲ್ಲಿಯೇ ಆಗುತ್ತದೆ. 1955ರಲ್ಲಿ ಅಮೆರಿಕದ ಲೂಯಿ ಸೊಕೊಲೋಫ್ ಮತ್ತು ಸಂಗಡಿಗರು ಬಾಯಿಲೆಕ್ಕ ಮಾಡುತ್ತಿದ್ದವರನ್ನು ಪರೀಕ್ಷಿಸಿದಾಗ, ಇಡೀ ಮಿದುಳು ಬಳಸುವ ಆಮ್ಲಜನಕದಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ಕೆಲಸಕ್ಕೆ ತೊಡಗಿದ ಭಾಗದಲ್ಲಿ ಬಳಕೆ ತುಸು ಹೆಚ್ಚುವುದುಂಟು, ಒಟ್ಟು ಲೆಕ್ಕದಲ್ಲಿ ಅದು ಅಲ್ಪ.

ರಾತ್ರಿ ಜೋಳದ ರೊಟ್ಟಿ, ಕಾಳಿನ ಪಲ್ಯ ಉಂಡ ಹುಡುಗನ ರಕ್ತಕ್ಕೆ ಗ್ಲೂಕೋಸ್ ನಿಧಾನವಾಗಿ ಬಂದು ಸೇರುತ್ತಿರುತ್ತದೆ. ಸಾಲದಿದ್ದರೆ ಯಕೃತ್ತು ತನ್ನ ದಾಸ್ತಾನಿನಿಂದ ತುಂಬಿಕೊಡುತ್ತದೆ. ಅದರ ಮೇಲೆ ನೀವು ಕೊಡುವ ಗ್ಲೂಕೋಸ್ ನೀರು ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುತ್ತದೆ, ಕೂಡಲೇ ಇನ್ಸುಲಿನ್ ಅದನ್ನು ಇಳಿಸುತ್ತದೆ. ಓದಿಗೆ ಇದರಿಂದ ಲಾಭವಿಲ್ಲ, ಹಲ್ಲಿಗೆ ಮಾತ್ರ ನಷ್ಟ. ಹಗಲಿನಲ್ಲಿ ಕಲಿತದ್ದು ನೆನಪಾಗಿ ಗಟ್ಟಿಯಾಗಲು ನಿದ್ದೆ ಬೇಕು. ಗಂಟೆಗೊಮ್ಮೆ ಲೋಟ ಹಿಡಿದು ಹೋಗುವ ಬದಲು ಹತ್ತೂವರೆಗೇ ದೀಪ ಆರಿಸಿಬಿಡಿ. ಅವನು ಸದಾ ಸುಸ್ತೆನ್ನುತ್ತಿದ್ದರೆ ಹಿಮೋಗ್ಲೋಬಿನ್ ಮತ್ತು ಬಿ12 ಪರೀಕ್ಷೆ ಮಾಡಿಸಿ. ಕಬ್ಬಿಣಾಂಶ ಅಥವಾ ಈ ಜೀವಸತ್ವದ ಕೊರತೆಯಿಂದ ಆಗುವ ಆಯಾಸವನ್ನು ಗ್ಲೂಕೋಸ್ ಪುಡಿ ನೀಗಿಸುವುದಿಲ್ಲ.

ಪ್ರಶ್ನೆ: ನನಗೆ 62 ವರ್ಷ. ಏಕಾದಶಿಯಂದು ನಿರಾಹಾರ ಇರುತ್ತೇನೆ. ಸಕ್ಕರೆ ಸಿಗದೆ ಮಿದುಳಿಗೆ ಹಾನಿಯಾಗುವುದೇ?
— ಓದುಗರೊಬ್ಬರು, ಉಡುಪಿ

ಉತ್ತರ: ಆರೋಗ್ಯವಂತರಲ್ಲಿ ಒಂದು ದಿನದ ಉಪವಾಸದಿಂದ ಮಿದುಳು ಹಸಿದು ಉಳಿಯುವುದಿಲ್ಲ. ಯಕೃತ್ತಿನಲ್ಲಿರುವ ಸುಮಾರು 100 ಗ್ರಾಂ ಗ್ಲೈಕೋಜೆನ್ (ಕೂಡಿಟ್ಟ ಗ್ಲೂಕೋಸ್) ಮೊದಲು ಕರಗುತ್ತದೆ. ಅದು ಮುಗಿಯುತ್ತ ಬಂದಂತೆ ಯಕೃತ್ತು ಮಾಂಸಖಂಡದ ಪ್ರೋಟೀನಿನಿಂದ ಬರುವ ಅಮೈನೋ ಆಮ್ಲ, ಕೊಬ್ಬಿನಿಂದ ಬರುವ ಗ್ಲಿಸರಾಲ್‌ಗಳಿಂದ ಹೊಸ ಗ್ಲೂಕೋಸ್ ತಯಾರಿಸುತ್ತದೆ ಮತ್ತು ಕೊಬ್ಬಿನಿಂದ ಕೀಟೋನ್‌ಗಳನ್ನು ಮಾಡುತ್ತದೆ. ಕೊಬ್ಬಿನಾಮ್ಲಗಳನ್ನು ನೇರವಾಗಿ ಉರಿಸಲು ಹೆಚ್ಚುಕಡಿಮೆ ಒಲ್ಲದ ಮಿದುಳು ಕೀಟೋನ್‌ಗಳನ್ನು ಸಲೀಸಾಗಿ ಬಳಸಿಕೊಳ್ಳುತ್ತದೆ. 1967ರಲ್ಲಿ ಜಾರ್ಜ್ ಕೇಹಿಲ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ವೈದ್ಯರ ನಿಗಾದಲ್ಲಿ ಐದಾರು ವಾರ ಉಪವಾಸವಿದ್ದ ಸ್ಥೂಲಕಾಯದವರ ಮಿದುಳಿನ ಇಂಧನದಲ್ಲಿ ಹೆಚ್ಚಿನ ಪಾಲು ಕೀಟೋನ್‌ಗಳದ್ದೇ ಆಗಿತ್ತು. ಈ ವ್ಯವಸ್ಥೆ ಇಲ್ಲದಿದ್ದರೆ ಮಿದುಳಿನ ಗ್ಲೂಕೋಸಿಗಾಗಿ ದೇಹ ತನ್ನ ಮಾಂಸಖಂಡಗಳನ್ನೇ ಬೇಗ ಬೇಗ ಕರಗಿಸಬೇಕಾಗುತ್ತಿತ್ತು. ನಿಮ್ಮ ಒಂದು ದಿನದಲ್ಲಿ ಕೀಟೋನ್‌ಗಳ ಪಾಲು ಸಣ್ಣದು. (ಅವಲಕ್ಕಿ, ಸಬ್ಬಕ್ಕಿ ಪಾಯಸ, ಬಾಳೆಹಣ್ಣಿನ ಫಲಾಹಾರ ನಡೆಸುವವರಿಗೆ ಈ ಉತ್ತರ ಅನ್ವಯಿಸದು; ಅಂದು ಏಕಾದಶಿಯೆಂಬುದು ಅವರ ಯಕೃತ್ತಿಗೆ ತಿಳಿಯುವುದೇ ಇಲ್ಲ.)

ಆದರೆ ನೀವು ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಾದರೆ ವಿಷಯವೇ ಬೇರೆ. ಊಟವಿಲ್ಲದಿದ್ದರೂ ಔಷಧ ತನ್ನ ಕೆಲಸ ಮಾಡುತ್ತದೆ. ರಕ್ತದ ಸಕ್ಕರೆ ಡೆಸಿಲೀಟರಿಗೆ (100 ಮಿಲಿಲೀಟರಿಗೆ) 70 ಮಿಲಿಗ್ರಾಂಗಿಂತ ಕೆಳಗಿಳಿದು ಬೆವರು, ನಡುಕ, ತೊದಲು, ಗಲಿಬಿಲಿ ಕಾಣಿಸಬಹುದು. ಇಂಥವರು ವೈದ್ಯರನ್ನು ಕೇಳದೆ ನಿರಾಹಾರ ಇರಬಾರದು, ಲಕ್ಷಣ ಕಂಡೊಡನೆ ವ್ರತವನ್ನು ಬದಿಗಿಟ್ಟು ಸಕ್ಕರೆ ತಿನ್ನಬೇಕು.

ಪ್ರಶ್ನೆ: ಮಧ್ಯಾಹ್ನದ ಊಟವಾದ ಮೇಲೆ ರಕ್ತ ತಲೆಯಿಂದ ಹೊಟ್ಟೆಗೆ ಇಳಿಯುವುದರಿಂದಲೇ ನಿದ್ದೆ ಬರುವುದೇ?
— ಕಚೇರಿ ನೌಕರ, ಮೈಸೂರು

ಉತ್ತರ: ಅಲ್ಲ. ಜೀರ್ಣಾಂಗಗಳಿಗೆ ರಕ್ತ ಹೆಚ್ಚು ಹರಿದರೂ ಮಿದುಳಿನ ಪಾಲನ್ನು ದೇಹ ಬಹುಮಟ್ಟಿಗೆ ಕಡಿಮೆಯಾಗಲು ಬಿಡುವುದಿಲ್ಲ. ನಮ್ಮೊಳಗಿನ ಜೈವಿಕ ಗಡಿಯಾರವೇ ಮಧ್ಯಾಹ್ನದ ಹೊತ್ತಿಗೆ ಎಚ್ಚರವನ್ನು ತುಸು ತಗ್ಗಿಸುತ್ತದೆ. ಭಾರಿ ಊಟ ಅದಕ್ಕೆ ಜೊತೆಗೂಡುತ್ತದೆ ಅಷ್ಟೆ. ಊಟ ಬಿಟ್ಟವರೂ ಆ ಹೊತ್ತಿಗೆ ತೂಕಡಿಸುತ್ತಾರೆ.