ಹಿಮದ ಜನರಲ್ ಮತ್ತು ಒಂದು ಕೋಟು

ಪ್ರಶ್ನೆ: ಯುರೋಪಿನ ಹಳೆಯ ವ್ಯಂಗ್ಯಚಿತ್ರಗಳಲ್ಲಿ ಚಳಿಗಾಲವನ್ನು ಮಿಲಿಟರಿ ಜನರಲ್ ಥರ ಬರೆದಿರುತ್ತಾರೆ. ಯಾಕೆ? ನಿಮಗೆ ಇಷ್ಟವಾದ ಚಿತ್ರ ಯಾವುದು?
– ಓದುಗರೊಬ್ಬರು, ಹಾಸನ

ಉತ್ತರ: ಇಂಥ ಚಿತ್ರಗಳಲ್ಲಿ ಹೆಸರಾದದ್ದು ವಿಲಿಯಂ ಎಲ್ಮ್ಸ್ ಬರೆದದ್ದು. ನೆಪೋಲಿಯನ್ ಮಾಸ್ಕೋದಿಂದ ಹಿಂದಿರುಗುತ್ತಿದ್ದಾಗ, 1812ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ‘ಜನರಲ್ ಫ್ರಾಸ್ಟ್’ ಎಂಬ ಹಿಮದ ರಾಕ್ಷಸ ಪುಟಾಣಿ ನೆಪೋಲಿಯನ್‌ನ ಮೂಗು ಹಿಡಿದು ಕ್ಷೌರ ಮಾಡುತ್ತಿದ್ದಾನೆ. ಚಿತ್ರ ಸೊಗಸಾಗಿದೆ, ಆದರೆ ಪೂರ್ತಿ ನಿಜವಲ್ಲ. ನೆಪೋಲಿಯನ್‌ನ ಫ್ರೆಂಚ್ ಸೈನ್ಯ ರಷ್ಯಾಕ್ಕೆ ನುಗ್ಗಿದ್ದು ಜೂನ್‌ನಲ್ಲಿ. ಬಿಸಿಲು, ಹಸಿವು, ಟೈಫಸ್ ಜ್ವರಕ್ಕೆ ಸಿಕ್ಕಿ ಹಿಮ ಬೀಳುವ ಮೊದಲೇ ಸಾವಿರಾರು ಜನ ಸತ್ತಿದ್ದರು.

ಮುಂದೆ ಕ್ರಿಮಿಯಾ ಯುದ್ಧ ಬಂತು; ಬ್ರಿಟನ್, ಫ್ರಾನ್ಸ್, ತುರ್ಕಿ ಒಂದು ಕಡೆ, ರಷ್ಯಾ ಇನ್ನೊಂದು ಕಡೆ. ರಷ್ಯಾಕ್ಕೆ ಜನವರಿ, ಫೆಬ್ರವರಿ ಎಂಬ ಇಬ್ಬರು ನಂಬಿಕಸ್ಥ ಜನರಲ್‌ಗಳಿದ್ದಾರೆ ಎಂದು ಚಕ್ರವರ್ತಿ ಒಂದನೇ ನಿಕೋಲಸ್ ಹೇಳಿದ್ದನಂತೆ. 1855ರ ಮಾರ್ಚ್ 2ರಂದು ಅವನೇ ತೀರಿಕೊಂಡ. ರಷ್ಯಾದ ಹಳೆಯ ಪಂಚಾಂಗದಲ್ಲಿ ಅದಿನ್ನೂ ಫೆಬ್ರವರಿ! ಲಂಡನ್ನಿನ ಹಾಸ್ಯಪತ್ರಿಕೆ ‘ಪಂಚ್’ನ ವ್ಯಂಗ್ಯಚಿತ್ರಕಾರ ಜಾನ್ ಲೀಚ್, ಜನರಲ್ ಫೆಬ್ರವರಿಯನ್ನು ಸಮವಸ್ತ್ರ ತೊಟ್ಟ ಅಸ್ಥಿಪಂಜರವಾಗಿ ಬರೆದರು. ಅದು ಹಾಸಿಗೆಯಲ್ಲಿದ್ದ ದೊರೆಯ ಎದೆಯ ಮೇಲೆ ಕೈ ಇಟ್ಟಿದೆ.

ನನ್ನ ಮನಸ್ಸು ನಿಂತದ್ದು ಮಾತ್ರ ಅದೇ ಲೀಚ್ ಅದೇ ಚಳಿಗಾಲದಲ್ಲಿ ಬರೆದ ಇನ್ನೊಂದು ಚಿತ್ರದಲ್ಲಿ. ಹಿಮದಲ್ಲಿ ಇಬ್ಬರು ಬ್ರಿಟಿಷ್ ಸೈನಿಕರು, ಮೈಮೇಲೆ ಚಿಂದಿ ಬಟ್ಟೆ. ನಮಗೆ ಪದಕ ಕೊಡುತ್ತಾರಂತೆ, ಊರಿಂದ ಸುದ್ದಿ ಬಂದಿದೆ ಅನ್ನುತ್ತಾನೆ ಒಬ್ಬ. ಒಳ್ಳೇದಾಯ್ತು, ಅದನ್ನು ಚುಚ್ಚಿಕೊಳ್ಳೋಕೆ ಒಂದು ದಿನ ಕೋಟೂ ಸಿಗಬಹುದು ಅನ್ನುತ್ತಾನೆ ಇನ್ನೊಬ್ಬ.

ಇದು ಸುಮ್ನೆ ಬರೆದದ್ದಲ್ಲ. 1854ರ ನವೆಂಬರ್ 14ರ ಬಿರುಗಾಳಿಗೆ ಕ್ರಿಮಿಯಾದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸಾಮಾನು ಬರುತ್ತಿದ್ದ ಬಾಲಕ್ಲಾವಾ ಬಂದರಿನ ಹೊರಗೆ ‘ಪ್ರಿನ್ಸ್’ ಎಂಬ ಹಡಗು ಮುಳುಗಿತ್ತು. ಚಳಿಗಾಲದ ಬಟ್ಟೆಬರೆ ಅದರಲ್ಲೇ ಇತ್ತು. ಆಮೇಲೆ ಬಂದ ಸಾಮಾನೂ ಬಂದರಿನಲ್ಲೇ ಕೊಳೆಯಿತು. ಶಿಬಿರ ಕೆಲವೇ ಮೈಲಿ ದೂರ, ಆದರೆ ದಾರಿಯೆಲ್ಲ ಕೆಸರು, ಎಳೆಯುವ ಕುದುರೆಗಳು ಮೇವಿಲ್ಲದೆ ಸಾಯುತ್ತಿದ್ದವು. ‘ದಿ ಟೈಮ್ಸ್’ ವರದಿಗಾರ ವಿಲಿಯಂ ಹೊವಾರ್ಡ್ ರಸೆಲ್ ಇದನ್ನೆಲ್ಲ ಬರೆದು ಕಳಿಸಿದರು. ಜನ ಸಿಟ್ಟಾದರು. ಜನವರಿ ಕೊನೆಗೆ ಬ್ರಿಟಿಷ್ ಪ್ರಧಾನಿ ಅಬರ್ಡೀನ್ ಅವರ ಸರ್ಕಾರವೇ ಬಿತ್ತು.

ಚಳಿಯನ್ನು ರಾಕ್ಷಸ ಮಾಡಿಬಿಟ್ಟರೆ ಕೋಟು ಕಳಿಸದವರು ಪಾರಾಗುತ್ತಾರೆ, ಅಲ್ವಾ? ಈ ಚಿತ್ರದಲ್ಲಿ ಲೀಚ್ ರಾಕ್ಷಸನನ್ನು ಬರೆಯಲಿಲ್ಲ.

ನಾನು ಚಿತ್ರಕಲೆ ಮೇಷ್ಟ್ರಾಗಿದ್ದಾಗ ಇದರ ಜೆರಾಕ್ಸ್ ಪ್ರತಿಯನ್ನು ತರಗತಿಯ ಗೋಡೆಗೆ ಅಂಟಿಸಿದ್ದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ತುಂಬ ಹೊತ್ತು ನೋಡಿ, “ಸಾರ್, ಕೊನೆಗೆ ಅವರಿಗೆ ಕೋಟು ಕೊಟ್ರಾ?” ಅಂತ ಕೇಳಿದ್ದಳು.