ಹೋದವರ ನಕಲನ್ನೇ ಹುಡುಕುವುದು ಮೊದಲು ನಿಲ್ಲಿಸಿ

ನಿಮ್ಮ ವಿಶ್ವವಿದ್ಯಾಲಯದ ಅಧ್ಯಾಪಕರೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವರು, ಅರ್ಧ ಜನ ನಿವೃತ್ತಿಯ ಹತ್ತಿರ ಇದ್ದಾರೆ, ಹೊಸಬರನ್ನೂ ಬೇರೆ ಬೇರೆ ಹಿನ್ನೆಲೆಯವರನ್ನೂ ತರಲು ಒಂದು ಸಮಿತಿ ಮಾಡಿ ನಿಮ್ಮನ್ನು ಅದರಲ್ಲಿ ಹಾಕಿದ್ದಾರೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಬಹಳ ವರ್ಷ ನೇಮಕಾತಿ ಸಮಿತಿಗಳಲ್ಲಿ ಕೂತವನು. ಅದರಲ್ಲಿ ಎಷ್ಟೋ ವರ್ಷ, ಗೊತ್ತಿಲ್ಲದೇನೇ, ಏನೂ ಬದಲಾಗದಂತೆ ನೋಡಿಕೊಂಡವನೂ ಹೌದು.

ಸಂದರ್ಶನದಿಂದ ಶುರು ಮಾಡಬೇಡಿ. ಅಷ್ಟು ಹೊತ್ತಿಗೆ ಆಟ ಮುಗಿದಿರುತ್ತದೆ. ಖಾಲಿ ಹುದ್ದೆಗೆ ಜಾಹೀರಾತು ಬರೆಯುತ್ತಾರಲ್ಲ, ಆ ದಿನ ಆ ಕೋಣೆಯಲ್ಲಿ ಇರಿ.

ನಮ್ಮ ವಿಭಾಗದಲ್ಲಿ ಒಬ್ಬ ಹಿರಿಯರು ನಿವೃತ್ತರಾದರು. ಬಹಳ ಸಣ್ಣ ವಿಷಯವೊಂದರಲ್ಲಿ ಇಡೀ ಜೀವನ ಕೆಲಸ ಮಾಡಿದವರು, ಒಳ್ಳೆಯ ಮೇಷ್ಟ್ರು. ಅವರ ಜಾಗಕ್ಕೆ ನಾವು ಜಾಹೀರಾತು ಬರೆದದ್ದು ಹೇಗೆ ಅಂದರೆ, ಅದೇ ಸಣ್ಣ ವಿಷಯ, ಅದೇ ವಿಧಾನ, ಅದೇ ಕೋರ್ಸುಗಳು, ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಅವರದೇ. ಆ ಕೆಲಸ ಮಾಡುವವರೇ ಬೆರಳೆಣಿಕೆಯಷ್ಟು, ಅದರಲ್ಲೂ ಅರ್ಧ ಅವರ ಶಿಷ್ಯರು. ಅರ್ಜಿ ಬಂದದ್ದು ಏಳು. ಆಮೇಲೆ 'ಬೇರೆ ಥರದವರು ಅರ್ಜಿಯೇ ಹಾಕುವುದಿಲ್ಲ' ಅಂತ ನಾವೇ ವರದಿಯಲ್ಲಿ ಬರೆದೆವು! ಮುಂದಿನ ಹುದ್ದೆಗೆ ವಿಷಯವನ್ನು ಅಗಲ ಮಾಡಿ ಬರೆದಾಗ ಅರ್ಜಿಗಳ ಕಟ್ಟು ದಪ್ಪವಾಯಿತು, ನಾವು ಹೆಸರೇ ಕೇಳದ ಕಡೆಗಳಿಂದಲೂ ಬಂತು. 'ನಾವು ಎಲ್ಲ ಹಿನ್ನೆಲೆಯವರನ್ನೂ ಸ್ವಾಗತಿಸುತ್ತೇವೆ' ಅನ್ನುವ ಕೊನೆಯ ಸಾಲು ಎರಡರಲ್ಲೂ ಇತ್ತು. ಅದನ್ನು ಯಾರೂ ಓದುವುದಿಲ್ಲ ಬಿಡಿ.

ಎರಡನೆಯದು, ಶಾರ್ಟ್‌ಲಿಸ್ಟ್. 2016ರಲ್ಲಿ ಅಮೆರಿಕದ ಸಂಶೋಧಕರು ಒಂದು ವಿಶ್ವವಿದ್ಯಾಲಯದ ನೇಮಕಾತಿಗಳನ್ನು ನೋಡಿದರು. ಕೊನೆಯ ಸುತ್ತಿಗೆ ಬಂದವರಲ್ಲಿ ಮಹಿಳೆ ಒಬ್ಬಳೇ ಇದ್ದರೆ ಅವಳಿಗೆ ಕೆಲಸ ಸಿಗುವ ಸಾಧ್ಯತೆ ಹೆಚ್ಚುಕಡಿಮೆ ಸೊನ್ನೆ. ಇಬ್ಬರಾದ ಕೂಡಲೇ ಲೆಕ್ಕ ಪೂರ್ತಿ ಬದಲಾಯಿತು. ಒಬ್ಬಳೇ ಇದ್ದಾಗ ಎಲ್ಲರ ಕಣ್ಣಿಗೂ ಕಾಣುವುದು ಅವಳು ಬೇರೆ ಅನ್ನುವುದೊಂದೇ, ಅಲ್ವಾ? ಒಂದೇ ವಿಶ್ವವಿದ್ಯಾಲಯದ ಲೆಕ್ಕ ಅದು, ವೇದವಾಕ್ಯವೇನಲ್ಲ. ಆದರೂ ಒಬ್ಬರನ್ನು ಸೇರಿಸಿ ಕೈ ತೊಳೆದುಕೊಳ್ಳುವ ಪದ್ಧತಿ ಸುಮ್ನೆ ತೋರಿಕೆ ಅಂತ ನನ್ನ ಅನುಭವವೂ ಹೇಳುತ್ತದೆ.

ಹೆಣ್ಣು ಗಂಡಿನ ಲೆಕ್ಕ ಒಂದೇ ಅಲ್ಲ. ಅಭ್ಯರ್ಥಿ ಎಲ್ಲಿ ಓದಿದವರು ಅನ್ನುವುದೂ ನೋಡಿ. 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ಅಮೆರಿಕದಲ್ಲೇ ಪಿಎಚ್‌ಡಿ ಮಾಡಿ ಅಲ್ಲೇ ಅಧ್ಯಾಪಕರಾದವರಲ್ಲಿ ಶೇ. 80ರಷ್ಟು ಜನ ಬಂದದ್ದು ಶೇ. 20ರಷ್ಟು ವಿಶ್ವವಿದ್ಯಾಲಯಗಳಿಂದ. ನಮ್ಮ ಸಮಿತಿಯಲ್ಲೂ ದೊಡ್ಡ ಹೆಸರಿನ ಕಾಗದ ಬಂದರೆ ನಿಧಾನವಾಗಿ ಓದುತ್ತಿದ್ದೆವು, ಮಿಕ್ಕವನ್ನು ತಿರುವಿ ಹಾಕುತ್ತಿದ್ದೆವು. ಯಾವುದಕ್ಕೆ ಎಷ್ಟು ಅಂಕ ಅಂತ ಅರ್ಜಿ ತೆರೆಯುವ ಮೊದಲೇ ಬರೆದಿಟ್ಟ ಮೇಲೆ ಇದು ಸ್ವಲ್ಪ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

ಇನ್ನು ಹಿರಿಯರನ್ನು ಬೇಗ ಕಳಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಿಮ್ಮ ಸಮಿತಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಕ್ಸ್‌ಫರ್ಡ್ ಇದೇ ಕಾರಣ ಕೊಟ್ಟು 2011ರಲ್ಲಿ 67ಕ್ಕೆ ನಿವೃತ್ತಿ ಅಂತ ನಿಯಮ ಮಾಡಿತು, ಆಮೇಲೆ 68 ಮಾಡಿತು. ಆ ನಿಯಮದಿಂದ ಖಾಲಿ ಹುದ್ದೆ ಹೆಚ್ಚಿದ್ದು ಶೇ. 2ರಿಂದ 4 ಮಾತ್ರ ಅಂತ ಲೆಕ್ಕ ಇಟ್ಟು ಒಬ್ಬ ಭೌತಶಾಸ್ತ್ರದ ಪ್ರಾಧ್ಯಾಪಕರು 2019ರಲ್ಲಿ ಉದ್ಯೋಗ ನ್ಯಾಯಮಂಡಳಿಯಲ್ಲಿ ಗೆದ್ದರು. ಅಮೆರಿಕದಲ್ಲಂತೂ 1994ರಿಂದ ಪ್ರಾಧ್ಯಾಪಕರಿಗೆ ಕಡ್ಡಾಯ ನಿವೃತ್ತಿಯೇ ಇಲ್ಲ. ಬಲವಂತಕ್ಕಿಂತ ಎರಡು ಮೂರು ವರ್ಷ ಅರೆಕಾಲ ಕೆಲಸ ಮಾಡುತ್ತಾ ಬಿಡುವ ದಾರಿ ತೋರಿಸಿ. ಕೂರಲು ಒಂದು ಕೋಣೆ, ಲೈಬ್ರರಿ, ಇಮೇಲ್ ಉಳಿಸಿಕೊಡಿ. ಎಷ್ಟೋ ಜನ ಹೆದರುವುದು ಸಂಬಳ ಹೋಗುತ್ತದೆ ಅಂತಲ್ಲ, ಯಾರೂ ಮಾತಾಡಿಸುವುದಿಲ್ಲ ಅಂತ.

ಸಮಯದ ಲೆಕ್ಕವನ್ನೂ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಎರಡೇ ವರ್ಷಕ್ಕೆ ಎಲ್ಲರಿಗೂ ನಿರಾಸೆ. 300 ಅಧ್ಯಾಪಕರು, ಒಬ್ಬೊಬ್ಬರದು 30 ವರ್ಷದ ಸೇವೆ ಅಂದುಕೊಳ್ಳಿ. ವರ್ಷಕ್ಕೆ ಖಾಲಿಯಾಗುವುದು ಹತ್ತೇ ಜಾಗ. ಈಗ ಮಹಿಳೆಯರು ಶೇ. 20 ಇದ್ದು, ಬಿಟ್ಟು ಹೋಗುವವರಲ್ಲೂ ಅದೇ ಪ್ರಮಾಣ ಇದ್ದರೆ, ನಾಳೆಯಿಂದ ಅರ್ಧ ಹುದ್ದೆಗಳನ್ನು ಅವರಿಗೇ ಕೊಟ್ಟರೂ ಹತ್ತು ವರ್ಷದಲ್ಲಿ ಶೇ. 30 ದಾಟುವುದಿಲ್ಲ. ಅದೂ ಬಂದವರು ಉಳಿದರೆ.

ಉಳಿಸಿಕೊಳ್ಳುವುದರಲ್ಲೇ ನಾವು ಜಾಸ್ತಿ ಸೋತದ್ದು. ಬಹಳ ಹುಡುಕಿ ಒಬ್ಬರನ್ನು ತಂದೆವು. ಎಲ್ಲ ಸಮಿತಿಗೂ ಅವರೇ ಬೇಕು, ಎಲ್ಲ ಫೋಟೋದಲ್ಲೂ ಅವರೇ, ತಮ್ಮಂಥ ವಿದ್ಯಾರ್ಥಿಗಳೆಲ್ಲ ಕಷ್ಟ ಹೇಳಿಕೊಳ್ಳಲು ಬರುವುದೂ ಅವರ ಬಾಗಿಲಿಗೇ. ಬಡ್ತಿಯ ಹೊತ್ತಿಗೆ 'ಸಂಶೋಧನೆ ಕಡಿಮೆಯಾಯಿತು' ಅಂದೆವು. ಮೂರು ವರ್ಷಕ್ಕೆ ಬಿಟ್ಟು ಹೋದರು. ಹೋಗದೆ ಏನು ಮಾಡುತ್ತಾರೆ?

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿ ಹಾಪ್ಕಿನ್ಸ್ ಅನ್ನುವ ಜೀವಶಾಸ್ತ್ರಜ್ಞೆ ಟೇಪು ಹಿಡಿದು ಲ್ಯಾಬುಗಳನ್ನೇ ಅಳೆದರು. ತಮಗೆ ಕಡಿಮೆ ಜಾಗ ಸಿಕ್ಕಿದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬಿರಲಿಲ್ಲ. ಅಲ್ಲಿಂದ ಶುರುವಾದ ಕೆಲಸ 1999ರ ವರದಿಯಾಗಿ ಹೊರಬಂತು, ತಾರತಮ್ಯ ಇದ್ದದ್ದು ನಿಜ ಅಂತ ಸಂಸ್ಥೆಯೇ ಒಪ್ಪಿಕೊಂಡಿತು. ನೀವೂ ಅಳೆಯಿರಿ. ಜಾಗ, ಸಂಬಳ, ಯಾರಿಗೆ ಎಷ್ಟು ಪಾಠ, ಯಾರು ಎಷ್ಟು ಸಮಿತಿಯಲ್ಲಿ, ಎಲ್ಲ.

ಮೊದಲ ಸಭೆಗೆ ಮುಂಚೆ ಹಿಂದಿನ ಹತ್ತು ಜಾಹೀರಾತು, ಬಂದ ಅರ್ಜಿಗಳ ಲೆಕ್ಕ, ಶಾರ್ಟ್‌ಲಿಸ್ಟ್, ಬಿಟ್ಟು ಹೋದವರ ಪಟ್ಟಿ ಕೇಳಿ. ಕೊಡುವುದಿಲ್ಲ ಅಂದರೆ ಸಮಿತಿ ಹೆಸರಿಗಷ್ಟೇ. ಆಗ ನಯವಾಗಿ ಹೊರಬಂದು ನಿಮ್ಮ ಪಾಠ ನೋಡಿಕೊಳ್ಳಿ.